ಹೊಂದಿಕೊಳ್ಳುವುದೆಂದರೆ ಏನು? ಗಡಿಭಾಗದ ಕನ್ನಡ ಪಾಲಕರೊಡನೆ ಕೆಲವು ಮಾತುಗಳು



ಗಡಿಭಾಗದಲ್ಲಿ ಹುಟ್ಟಿದ ನಮಗೆ ಹೊಂದಾಣಿಕೆಯ ಪಾಠವನ್ನು ಹೊರಗಿನವರು ಬಂದು ಹೇಳಬೇಕಾಗಿಲ್ಲ. ಒಲೆಯ ಮುಂದೆ ಕನ್ನಡ, ಸಂತೆಯಲ್ಲಿ ಮರಾಠಿ, ಬ್ಯಾಂಕಿನ ಕಿಟಕಿಯಲ್ಲಿ ಅರ್ಧ ಹಿಂದಿ. ಗಡಹಿಂಗ್ಲಜದ ನಿಲ್ದಾಣದಲ್ಲಿ ನಿಂತ ಬಸ್ಸು ಸಂಕೇಶ್ವರದ ಕಡೆಯಿಂದ ಬಂದದ್ದೋ ಕೊಲ್ಹಾಪುರದ ಕಡೆಯಿಂದ ಬಂದದ್ದೋ ಎಂಬುದನ್ನು ಕಣ್ಣು ಕಂಡೊಡನೆ ನಾಲಿಗೆ ತಾನಾಗಿಯೇ ಹೊರಳುತ್ತದೆ. ಯಾರೂ ಇದನ್ನು ಕೌಶಲವೆಂದು ಕರೆಯುವುದಿಲ್ಲ, ಪ್ರಮಾಣಪತ್ರವನ್ನೂ ಕೊಡುವುದಿಲ್ಲ.

ಆದರೆ ಪ್ರತಿವರ್ಷ ಮೇ ತಿಂಗಳು ಬಂತೆಂದರೆ ಇದೇ ಮಾತಿಗೆ ಬೇರೊಂದು ಅರ್ಥ ಬಂದುಬಿಡುತ್ತದೆ. "ಇರೂದು ಮಹಾರಾಷ್ಟ್ರದಾಗ, ಹೊಂದ್ಕೊಂಡು ಹೋಗಬೇಕಲ್ರೀ" ಎಂದು ಹೇಳಿ ಮಗುವಿನ ಹೆಸರನ್ನು ಕನ್ನಡ ಶಾಲೆಯಿಂದ ತೆಗೆಸುತ್ತೇವೆ. ಹಾಗೆ ಮಾಡುವವರನ್ನು ನಾನು ದೂಷಿಸುತ್ತಿಲ್ಲ. ನನ್ನ ಸ್ವಂತ ತಂಗಿಯ ಮಕ್ಕಳು ಮರಾಠಿ ಮಾಧ್ಯಮದಲ್ಲಿದ್ದಾರೆ, ನನ್ನ ಮಗನೂ ಇದ್ದಾನೆ. ನನ್ನ ತಕರಾರು ಆ ನಿರ್ಧಾರದ ಮೇಲಲ್ಲ, 'ಹೊಂದಿಕೊಳ್ಳುವುದು' ಎಂಬ ಮಾತನ್ನು ನಾವು ಅಷ್ಟು ಅಗ್ಗವಾಗಿ ಖರ್ಚು ಮಾಡುತ್ತಿರುವುದರ ಮೇಲೆ.

ನನ್ನ ಪರಿಚಯವನ್ನು ಎರಡೇ ಸಾಲಿನಲ್ಲಿ ಮುಗಿಸುತ್ತೇನೆ. ಗಡಹಿಂಗ್ಲಜ ತಾಲೂಕಿನ ಪೂರ್ವಭಾಗದ ಒಂದು ಹಳ್ಳಿ ನನ್ನ ತವರು. ಏಳನೆಯ ತರಗತಿಯವರೆಗೆ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆ, ಎಂಟರಿಂದ ಮರಾಠಿ ಹೈಸ್ಕೂಲು, ಮದುವೆಯ ನಂತರ ಇಚಲಕರಂಜಿ. ಇಪ್ಪತ್ತೆರಡು ವರ್ಷಗಳಿಂದ ಒಂದು ಸೈಝಿಂಗ್ ಕಾರಖಾನೆಯ ಲೆಕ್ಕಪತ್ರ ನೋಡುತ್ತಿದ್ದೇನೆ. ನೂಲಿಗೆ ಗಂಜಿ ಕುಡಿಸಿ ಬೀಮಿಗೆ ಸುತ್ತಿ ಮಗ್ಗದವರಿಗೆ ಕಳಿಸುವ ಉದ್ಯೋಗ ಅದು.

ಎಂಟನೆಯ ತರಗತಿಗೆ ನಮ್ಮೂರಿನಿಂದ ಐವರು ಹೋದೆವು. ಮರಾಠಿ ಮಾತನಾಡುವುದು ನಮಗೆ ಹೊಸದಾಗಿರಲಿಲ್ಲ, ಓದುವುದೂ ಬರುತ್ತಿತ್ತು. ತೊಡಕು ಎದುರಾದದ್ದು ಯಾರೂ ಊಹಿಸದ ಜಾಗದಲ್ಲಿ, ಅಂಕಿಗಳಲ್ಲಿ. ಕನ್ನಡದಲ್ಲಿ 'ಅರವತ್ತನಾಲ್ಕು' ಎಂದರೆ ಮೊದಲು ಅರವತ್ತು, ಆಮೇಲೆ ನಾಲ್ಕು. ಬರೆಯುವ ಕ್ರಮವೂ ಅದೇ. ಮರಾಠಿಯ 'ಚೌಸಷ್ಟ'ದಲ್ಲಿ ನಾಲ್ಕು ಮೊದಲು ಬರುತ್ತದೆ, ಅರವತ್ತು ನಂತರ. ಗುರೂಜಿ ವೇಗವಾಗಿ ಹೇಳುತ್ತ ಹೋದರೆ ನನ್ನ ಪಕ್ಕದಲ್ಲಿ ಕುಳಿತ ಗೆಳತಿ ಕಿವಿಗೆ ಬಿದ್ದ ಕ್ರಮದಲ್ಲಿಯೇ 46 ಎಂದು ಬರೆದುಬಿಡುತ್ತಿದ್ದಳು. 'ಏಕೋಣತೀಸ' ಇನ್ನೂ ಕಠಿಣ: ಮೂವತ್ತಕ್ಕೆ ಒಂದು ಕಡಿಮೆ ಎಂದು ಒಡೆದು ನೋಡಿದರೆ ಮಾತ್ರ ಅದು 29. ಆಕೆ ಊರಿನ ಶಾಲೆಯಲ್ಲಿ ಗಣಿತಕ್ಕೆ ಮೊದಲಿಗಳು. ಇಲ್ಲಿ ಎರಡು ತಿಂಗಳಲ್ಲಿ 'ಗಣಿತದಾಗ ದಡ್ಡಿ' ಎಂಬ ಹೆಸರು ಬಂದು ಕೂತಿತು.

ಗಣಿತದ ಗುರೂಜಿ ಮರಾಠಿಯವರು, ಕನ್ನಡದ ಗಂಧವೂ ಅವರಿಗೆ ಇರಲಿಲ್ಲ. ಒಂದು ದಿನ ಅವಳ ವಹಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಲೆಕ್ಕದ ರೀತಿಯೆಲ್ಲ ಸರಿ, ಮೊದಲ ಸಾಲಿನ ಅಂಕಿಗಳಷ್ಟೇ ತಿರುವುಮುರುವು ಎಂಬುದು ಅವರ ಗಮನಕ್ಕೆ ಬಂತು. ಕಾರಣ ಕೇಳಿದರು. ನಾವು ಹೇಳಿದೆವು. ಮರುದಿನ ಫಲಕದ ಮೇಲೆ ಎರಡು ಸಾಲು ಎಳೆದು, ಒಂದರಲ್ಲಿ ಮರಾಠಿ ಸಂಖ್ಯೆಯ ಹೆಸರು ಬರೆದು, ಇನ್ನೊಂದರಲ್ಲಿ ನಮ್ಮಿಂದ ಕೇಳಿಕೊಂಡು ಕನ್ನಡದ ಹೆಸರನ್ನು ದೇವನಾಗರಿಯಲ್ಲಿಯೇ ಬರೆದರು. 'ಸಂಖ್ಯೆ ಪೂರ್ತಿ ಕೇಳಿ, ಒಂದು ಉಸಿರು ಬಿಟ್ಟು, ಆಮೇಲೆ ಬರೆಯಿರಿ' ಎಂದು ಮರಾಠಿಯಲ್ಲಿ ಹೇಳಿದರು. ದೀಪಾವಳಿಯ ಹೊತ್ತಿಗೆ ಗೆಳತಿ ಮತ್ತೆ ತನ್ನ ಜಾಗಕ್ಕೆ ಬಂದಳು.

ಆ ಎರಡು ಸಾಲುಗಳ ಬಗ್ಗೆ ನಾನು ಇಷ್ಟು ವರ್ಷ ಯೋಚಿಸಿದ್ದೇನೆ. ಹೊಂದಿಕೊಂಡವಳು ಅವಳೊಬ್ಬಳೇ ಅಲ್ಲ, ಗುರೂಜಿಯೂ ಹೊಂದಿಕೊಂಡರು. ಗಣಿತವನ್ನು ಆಕೆ ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಕನ್ನಡದಲ್ಲಿ ಗಟ್ಟಿಯಾಗಿ ಕಲಿತದ್ದು ಅವಳೊಳಗೆ ಇದ್ದೇ ಇತ್ತು, ಹೆಸರುಗಳನ್ನಷ್ಟೇ ಬದಲಿಸಿಕೊಳ್ಳಬೇಕಿತ್ತು. ಒಂದು ಭಾಷೆಯಲ್ಲಿ ಬೇರೂರಿದ ಓದು ಇನ್ನೊಂದು ಭಾಷೆಗೆ ದಾಟುತ್ತದೆ ಎಂಬುದನ್ನು ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಷ್ಟು ಹಿಂದೆಯೇ ವಿಸ್ತಾರವಾಗಿ ವಾದಿಸಿದ್ದಾರೆ. ಅವರ ಹೆಸರು ನನಗೆ ತಿಳಿದದ್ದು ತೀರ ಈಚೆಗೆ. ಎಂಟನೆಯ ತರಗತಿಯ ಬೆಂಚಿನ ಮೇಲೆ ನಾನು ಅದನ್ನು ಕಣ್ಣಾರೆ ಕಂಡಿದ್ದೆ.

ಒಂದು ಮೋಜಿನ ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 2019ರಲ್ಲಿ ಪುಣೆಯ ಬಾಲಭಾರತಿ ಎರಡನೆಯ ತರಗತಿಯ ಗಣಿತ ಪುಸ್ತಕದಲ್ಲಿ 'ಪಂಚವೀಸ'ದ ಜೊತೆಗೆ 'ವೀಸ ಪಾಚ' ಎಂಬ ರೀತಿಯನ್ನು ತಂದಾಗ ಮಹಾರಾಷ್ಟ್ರದ ತುಂಬ ಗದ್ದಲವಾಯಿತು. ಮರಾಠಿ ಮಕ್ಕಳಿಗೇ ಆ ತಿರುವು ಕಠಿಣವಾಗುತ್ತದೆ ಎಂಬುದು ಪುಸ್ತಕ ಮಾಡಿದವರ ಅನುಭವವಾಗಿತ್ತು. ಇಪ್ಪತ್ತೈದು ಎಂದು ನೇರವಾಗಿ ಹೇಳುವ ನಮ್ಮ ಮಕ್ಕಳಿಗೆ ಆ ವಾದ ಎಷ್ಟು ಸಹಜವಾಗಿ ಅರ್ಥವಾದೀತು, ನೋಡಿ.

ಈಗ ಇಚಲಕರಂಜಿಗೆ ಬನ್ನಿ. 1904ರಲ್ಲಿ ವಿಠ್ಠಲರಾವ್ ದಾತಾರ್ ಅವರು ಇಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ಹಾಕಿದರೆಂದು ಊರಿನ ಇತಿಹಾಸ ಹೇಳುತ್ತದೆ. ಅಂದಿನಿಂದ ಈ ಊರು ಬದುಕಿರುವುದೇ ಬದಲಾಗುತ್ತ. ಸೀರೆ ಹೋಗಿ ಧೋತರ ಬಂತು, ಧೋತರ ಹೋಗಿ ಶರ್ಟಿನ ಬಟ್ಟೆ ಬಂತು. ಸಾದಾ ಮಗ್ಗದ ಪಕ್ಕದಲ್ಲಿ ಆಟೋಲೂಮು, ಅದರ ಪಕ್ಕದಲ್ಲಿ ರೇಪಿಯರ್, ಏರ್‌ಜೆಟ್. ರಬಕವಿ, ಬನಹಟ್ಟಿ, ತೇರದಾಳದ ಕಡೆಯಿಂದ ಬಂದ ನೇಕಾರ ಕುಟುಂಬಗಳು ಈ ಓಣಿಗಳಲ್ಲಿ ಇಂದಿಗೂ ಮನೆಯೊಳಗೆ ಕನ್ನಡವನ್ನೇ ಆಡುತ್ತಾರೆ.

ನನ್ನ ಅಣ್ಣ ಏಳನೆಯ ತರಗತಿ ಮುಗಿಸಿ ಇಲ್ಲಿಗೆ ಬಂದವನು. ಬಂದ ಹೊಸದರಲ್ಲಿ ಅವನು 'ಲಾಳಿ' ಎಂದರೆ ಜೊತೆಯವರು 'ಧೋಟಾ' ಎನ್ನುತ್ತಿದ್ದರು. ಒಂದು ವಾರದಲ್ಲಿ ಅವನೂ ಧೋಟಾ ಎನ್ನತೊಡಗಿದ. ಆಮೇಲೆ ಲಾಳಿಯೇ ಇಲ್ಲದ ಮಗ್ಗಗಳು ಬಂದವು. ಏರ್‌ಜೆಟ್ ಮಗ್ಗದಲ್ಲಿ ಹೊಕ್ಕಿನ ನೂಲನ್ನು ಒಯ್ಯುವುದು ಗಾಳಿ, ಆದ್ದರಿಂದ ಕನ್ನಡದ ಮಾತಿಗೂ ಮರಾಠಿಯ ಮಾತಿಗೂ ಕೆಲಸ ಉಳಿಯಲಿಲ್ಲ. ಮಗ್ಗದ ಮುಂದೆ ಒಂದು ಪರದೆ, ಅದರಲ್ಲಿ ಇಂಗ್ಲಿಷ್ ಅಕ್ಷರ. ನಲವತ್ತು ದಾಟಿದ ಜಾಬರುಗಳಲ್ಲಿ ಅನೇಕರು ಆ ಪರದೆಯನ್ನು ನೋಡಿಯೇ ಹಳೆಯ ಶೆಡ್ಡುಗಳಿಗೆ ಮರಳಿದರು.

ಅಣ್ಣ ಮರಳಲಿಲ್ಲ. ಅವನ ಹತ್ತಿರ ಒಂದು ಕಿಸೆಯ ಡೈರಿ ಇತ್ತು. ಪರದೆಯ ಮೇಲೆ ಬರುವ ಪ್ರತಿಯೊಂದು ಮಾತನ್ನೂ ಅದರ ಹಿಂದಿನ ಪುಟಗಳಲ್ಲಿ ಕನ್ನಡ ಲಿಪಿಯಲ್ಲಿ ಇಳಿಸಿಕೊಂಡ. 'ವಾರ್ಪ್ ಸ್ಟಾಪ್: ಹಾಸು ಹರಿದಿದೆ.' 'ವೆಫ್ಟ್ ಸ್ಟಾಪ್: ಹೊಕ್ಕು ನಿಂತಿದೆ, ಗಾಳಿ ನೋಡು.' ಹೀಗೆ ಮೂವತ್ತು ನಲವತ್ತು ಸಾಲುಗಳು. ಅರ್ಥ ಹೇಳಿದವನು ಬಿಹಾರದಿಂದ ಬಂದ ಒಬ್ಬ ತರುಣ, ಹೇಳಿದ್ದು ಹಿಂದಿಯಲ್ಲಿ, ಬರೆದಿಟ್ಟದ್ದು ಕನ್ನಡದಲ್ಲಿ, ಹೊಸಬರಿಗೆ ಅವನು ಇಂದು ಕಲಿಸುವುದು ಮರಾಠಿಯಲ್ಲಿ. "ಬರಕೊಂಡ್ರ ಮರೆಯೂದಿಲ್ಲ ತಂಗೀ, ಬರೀಲಿಕ್ಕೆ ಕೈ ಬರಬೇಕಷ್ಟ" ಎನ್ನುತ್ತಾನೆ. ಕೈ ಬರುವುದೆಂದರೆ, ತಡವರಿಸದೆ ಓದಿ ಬರೆಯುವ ಒಂದು ಭಾಷೆ ನಮ್ಮದಾಗಿ ಇರುವುದು.

ಅದೇ ಶೆಡ್ಡಿನಲ್ಲಿ ಅವನಿಗಿಂತ ಚುರುಕಾದ ಇನ್ನೊಬ್ಬ ಗೆಳೆಯನಿದ್ದ. ಎರಡನೆಯ ತರಗತಿಯಲ್ಲಿ ಒಂದು ಮಾಧ್ಯಮ, ಮೂರರಲ್ಲಿ ಇನ್ನೊಂದು, ಐದರಲ್ಲಿ ಮತ್ತೊಂದು ಎಂದು ಓಡಾಡಿ, ಯಾವ ಲಿಪಿಯೂ ಸಲೀಸಾಗಿ ಬಾರದೆ ಶಾಲೆ ಬಿಟ್ಟವನು. ಮೂರು ಭಾಷೆಗಳನ್ನು ನೀರಿನ ಹಾಗೆ ಮಾತನಾಡುತ್ತಾನೆ. ಆದರೆ ಡೈರಿ ತೆರೆಯಲಾರ. ಮೊದಲನೆಯವನಿಗೆ ಸಿಕ್ಕ ಸಂಬಳ ಅವನಿಗೆ ಇಂದಿಗೂ ಸಿಕ್ಕಿಲ್ಲ. ಪಾಲಕರು ಯಾವುದೇ ದುರುದ್ದೇಶದಿಂದ ಹಾಗೆ ಮಾಡಿರಲಿಲ್ಲ. ಊರು ಬದಲಾದಂತೆ ಶಾಲೆ ಬದಲಾಯಿತು, ಅಷ್ಟೇ.

ನಮ್ಮ ಈ ಭಾಗದ ಹೊಂದಾಣಿಕೆ ಜಗತ್ತಿನ ಭಾಷಾವಿಜ್ಞಾನಿಗಳಿಗೂ ಗೊತ್ತಿರುವಂಥದ್ದು. ಪಕ್ಕದ ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬಿಬ್ಬರು ಅಧ್ಯಯನ ನಡೆಸಿ 1971ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿನ ಜೈನರು ಮತ್ತು ಲಿಂಗಾಯತರು ಮನೆಯಲ್ಲಿ ಕನ್ನಡ, ಮುಸಲ್ಮಾನರು ಉರ್ದು, ಇನ್ನು ಕೆಲವರು ಮರಾಠಿ ಆಡುತ್ತಿದ್ದರು. ಶತಮಾನಗಳ ಕಾಲ ಒಂದೇ ಊರಿನಲ್ಲಿ ಬದುಕಿದ್ದರಿಂದ ಆ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿತ್ತೆಂದರೆ, ಒಂದರ ಪದ ತೆಗೆದು ಇನ್ನೊಂದರ ಪದ ಇಟ್ಟರೆ ವಾಕ್ಯ ಹಾಗೆಯೇ ನಿಲ್ಲುತ್ತಿತ್ತು. ಗ್ರಂಥದ ಕನ್ನಡ 'ಇದು ನಿಮ್ಮ ಮನೆ' ಎಂದು ಕ್ರಿಯಾಪದವಿಲ್ಲದೆ ಮುಗಿಸಿದರೆ, ಅಲ್ಲಿಯ ಕನ್ನಡ ಮರಾಠಿಯ ರೀತಿಯಲ್ಲಿ ಕೊನೆಗೆ 'ಐತಿ' ಸೇರಿಸುತ್ತದೆ. ನಮ್ಮ ಮನೆಗಳಲ್ಲಿಯೂ ಹಾಗೆಯೇ ಅಲ್ಲವೇ? ಇತ್ತ ಅಲ್ಲಿಯ ಮರಾಠಿಯೂ ನಿರ್ಜೀವ ವಸ್ತುಗಳ ಲಿಂಗಭೇದದಲ್ಲಿ ಕನ್ನಡದತ್ತ ಸರಿದಿತ್ತು. ಅಂದರೆ ಎರಡೂ ಕಡೆಯವರು ಬಾಗಿದ್ದರು. ನನಗೆ ಬಹಳ ಹಿಡಿಸಿದ ಅಂಶ ಬೇರೆ: ಇಷ್ಟೆಲ್ಲ ಬೆರೆತರೂ ಯಾವ ಮನೆಯೂ ತನ್ನ ಭಾಷೆಯನ್ನು ಬಿಟ್ಟಿರಲಿಲ್ಲ.

ಇನ್ನು ಕಾನೂನಿನ ಮಾತು. 1956ರಲ್ಲಿ ರಾಜ್ಯಗಳು ಮರುವಿಂಗಡಣೆಯಾದಾಗ ಬೆಳಗಾವಿ ಜಿಲ್ಲೆ ಮೈಸೂರಿಗೆ ಹೋಯಿತು, ಅದರ ಚಂದಗಡ ತಾಲೂಕು ಮಾತ್ರ ಮುಂಬಯಿ ರಾಜ್ಯಕ್ಕೆ ಬಂತು. ಗೆರೆ ಎಳೆದವರಿಗೆ ಗೆರೆಯ ಎರಡೂ ಕಡೆ ಜನ ಉಳಿಯುತ್ತಾರೆಂಬ ಅರಿವಿತ್ತು. ಅದೇ ವರ್ಷ ಸಂವಿಧಾನಕ್ಕೆ 350ಎ ಕಲಮು ಸೇರಿತು. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸಾಕಷ್ಟು ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಅದಕ್ಕೂ ಮೊದಲೇ, 1949ರ ಶಿಕ್ಷಣಮಂತ್ರಿಗಳ ಸಮ್ಮೇಳನ ಒಂದು ಸೂತ್ರವನ್ನು ಒಪ್ಪಿತ್ತು: ಒಂದು ತರಗತಿಯಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕು. ಈ 10 ಮತ್ತು 40 ಎಂಬ ಅಂಕಿಗಳನ್ನು ದಯವಿಟ್ಟು ನೆನಪಿಡಿ.

ಇನ್ನೊಂದು ಮಗ್ಗುಲೂ ಇದೆ, ಅದನ್ನು ಮುಚ್ಚಿಟ್ಟು ಮಾತನಾಡುವುದು ನ್ಯಾಯವಲ್ಲ. ಅಲ್ಪಸಂಖ್ಯಾತರ ಶಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯ ಮಾಡಿದ್ದು ಸರಿಯೆಂದು ಸುಪ್ರೀಂ ಕೋರ್ಟು 2004ರಲ್ಲಿ ಉಷಾ ಮೆಹತಾ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. 2020ರಲ್ಲಿ ಮಹಾರಾಷ್ಟ್ರವು ಎಲ್ಲ ಮಾಧ್ಯಮಗಳ ಶಾಲೆಗಳಿಗೂ ಅನ್ವಯಿಸುವ ಕಾಯ್ದೆಯನ್ನೇ ಮಾಡಿದೆ. ನಮ್ಮಲ್ಲಿ ಕೆಲವರು ಇದನ್ನು ಅನ್ಯಾಯವೆನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ತಲಾಠಿಯ ಕಚೇರಿಯ ಅರ್ಜಿ ಮರಾಠಿಯಲ್ಲಿದೆ, ದವಾಖಾನೆಯ ಮಾತು ಮರಾಠಿಯಲ್ಲಿದೆ, ನೆರೆಮನೆಯ ಕಾಕೂ ಮರಾಠಿಯವರು. ಕನ್ನಡ ಶಾಲೆಯ ಮಗುವಿಗೆ ಮರಾಠಿ ಅರೆಬರೆ ಬಂದರೆ ನಷ್ಟ ಮಗುವಿಗೇ, ಅಪಕೀರ್ತಿ ಶಾಲೆಗೆ. 2025ರಲ್ಲಿ ಒಂದನೆಯ ತರಗತಿಯಿಂದ ಮೂರನೆಯ ಭಾಷೆ ಬೇಕೇ ಬೇಡವೇ ಎಂದು ರಾಜ್ಯವಿಡೀ ಜಗಳವಾಡಿ, ಜೂನ್ 29ರಂದು ಸರಕಾರ ಆದೇಶವನ್ನು ಹಿಂದಕ್ಕೆ ಪಡೆಯಿತು. ಆ ಗದ್ದಲದಲ್ಲಿ ಯಾರೂ ನಮ್ಮ ಕಡೆ ತಿರುಗಿ ನೋಡಲಿಲ್ಲ. ಕನ್ನಡ, ಮರಾಠಿ, ಇಂಗ್ಲಿಷ್ ಮೂರನ್ನೂ ಹೊತ್ತು ನಮ್ಮ ಮಕ್ಕಳು ಎಷ್ಟೋ ವರ್ಷಗಳಿಂದ ಶಾಲೆಗೆ ನಡೆಯುತ್ತಲೇ ಇದ್ದಾರೆ.

ಹಾಗೆಂದು ನಮ್ಮ ಶಾಲೆಗಳೆಲ್ಲ ಸರಿಯಾಗಿವೆಯೇ? ಇಲ್ಲ. ಮಗು 'ಮನಿ' ಎಂದರೆ 'ಮನೆ' ಎಂದು ಗದರಿಸುವ ಗುರುಗಳನ್ನು ನಾನು ಕಂಡಿದ್ದೇನೆ. ಮರಾಠಿ ಪದವೊಂದು ಬಾಯಿಗೆ ಬಂದರೆ ಅಪರಾಧವಾಯಿತೆಂಬಂತೆ ನೋಡುವವರಿದ್ದಾರೆ. ನಮ್ಮ ಹಿರಿಯರು ಕೂಡುವುದಕ್ಕೆ ಬೇರೀಜು, ಕಳೆಯುವುದಕ್ಕೆ ವಜಾಬಾಕಿ ಎನ್ನುತ್ತಿದ್ದರು. ಗುಣಾಕಾರ, ಭಾಗಾಕಾರ ಎರಡೂ ಭಾಷೆಗಳಲ್ಲಿ ಒಂದೇ. ಆರು ಏಳನೆಯ ತರಗತಿಗಳಲ್ಲಿಯೇ ಮರಾಠಿಯ ಪಾರಿಭಾಷಿಕ ಪದಗಳನ್ನು ಪಕ್ಕದಲ್ಲಿಟ್ಟು ಕಲಿಸಿದರೆ, ಎಂಟಕ್ಕೆ ಹೋಗುವ ಮಗು ಅಳುತ್ತ ಹೋಗಬೇಕಾಗಿಲ್ಲ. ಖಿದ್ರಾಪುರದ ಕೋಪೇಶ್ವರನ ಗುಡಿಯಲ್ಲಿ ಕನ್ನಡ ಶಾಸನಗಳಿವೆಯೆಂದು ನವೆಂಬರ್ ಒಂದರಂದು ಭಾಷಣ ಮಾಡುವುದು ಸುಲಭ. ಏಳನೆಯ ತರಗತಿಯ ಮಗುವಿಗೆ ಚೌಸಷ್ಟ ಎಂದರೆ 64 ಎಂದು ಕಲಿಸಿ ಕಳಿಸುವುದು ಅದಕ್ಕಿಂತ ದೊಡ್ಡ ಕನ್ನಡ ಸೇವೆ ಎಂಬುದು ನನ್ನ ಅಭಿಪ್ರಾಯ.

ನನ್ನ ಮನೆಯ ಲೆಕ್ಕವನ್ನೂ ನಿಮ್ಮೆದುರು ಇಡುತ್ತೇನೆ. ಮಗಳು ಏಳನೆಯ ತರಗತಿಯವರೆಗೆ ತವರಿನ ಕನ್ನಡ ಶಾಲೆಯಲ್ಲಿ, ನಮ್ಮ ಅವ್ವನ ಹತ್ತಿರ ಬೆಳೆದಳು. ಇದರ ಬೆಲೆ ಸಣ್ಣದಲ್ಲ. ಶನಿವಾರ ಕೆಲಸ ಮುಗಿಸಿ ಎಸ್.ಟಿ. ಹಿಡಿದು ಊರು ಮುಟ್ಟುವಷ್ಟರಲ್ಲಿ ಅವಳು ಮಲಗಿಬಿಟ್ಟಿರುತ್ತಿದ್ದಳು. ಭಾನುವಾರ ಸಂಜೆ ಹೊರಡುವಾಗ ಕಾಣದ ಹಾಗೆ ಹಿತ್ತಲಿನಿಂದ ಹೊರಡಬೇಕಾಗುತ್ತಿತ್ತು. ಇದನ್ನು ಎಲ್ಲರೂ ಮಾಡಬೇಕೆಂದು ನಾನು ಹೇಳಲಾರೆ. ಮಗನಿಗೆ ಉಬ್ಬಸ, ಅವನನ್ನು ದೂರ ಇಡುವಂತಿರಲಿಲ್ಲ, ಆದ್ದರಿಂದ ಅವನು ಇಚಲಕರಂಜಿಯಲ್ಲಿಯೇ ಮರಾಠಿ ಶಾಲೆಯ ಸೆಮಿ ಇಂಗ್ಲಿಷ್ ವರ್ಗದಲ್ಲಿ ಓದುತ್ತಿದ್ದಾನೆ. ಒಂದೇ ಮನೆ, ಇಬ್ಬರು ಮಕ್ಕಳು, ಎರಡು ದಾರಿ. ಮಗಳು ಈಗ ಮರಾಠಿ ಹೈಸ್ಕೂಲಿನಲ್ಲಿದ್ದಾಳೆ, ವರ್ಗದ ಹಸ್ತಲಿಖಿತ ಅಂಕವನ್ನು ಅವಳೇ ಸಂಪಾದಿಸುತ್ತಾಳೆ, ಮರಾಠಿಯಲ್ಲಿ.

ಕೊಲ್ಹಾಪುರದ ತಂಗಿಯ ಮನೆಯ ಹತ್ತಿರ ಕನ್ನಡ ಶಾಲೆ ಇಲ್ಲ. ಅವಳು ಆರಿಸಿಕೊಂಡದ್ದು ರಾತ್ರಿಯ ಇಪ್ಪತ್ತು ನಿಮಿಷ. ಬಾಲಭಾರತಿಯ ಜಾಲತಾಣದಲ್ಲಿ ಕನ್ನಡ ಪಠ್ಯಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಒಂದನೆಯ ತರಗತಿಯದನ್ನು ಮುದ್ರಿಸಿಕೊಂಡು ಊಟದ ನಂತರ ಓದಿಸುತ್ತಾಳೆ. ದೇವನಾಗರಿ ಬಲ್ಲ ಮಗುವಿಗೆ ಕನ್ನಡ ವರ್ಣಮಾಲೆಯ ಕ್ರಮ ಹೊಸದಲ್ಲ. ಕ, ಖ, ಗ, ಘ ಅದೇ ಸಾಲು, ಹಿಂದಿಯವರಿಗೆ ತೊಡಕಾಗುವ ಳ ಕೂಡ ಮರಾಠಿಯಲ್ಲಿದೆ. ತೊಡಕಾಗುವುದು ಹ್ರಸ್ವ ದೀರ್ಘದ ಎ-ಏ, ಒ-ಓಗಳಲ್ಲಿ. ದೇವನಾಗರಿಯಲ್ಲಿ ಆ ಭೇದಕ್ಕೆ ಪ್ರತ್ಯೇಕ ಗುರುತಿಲ್ಲ. ಹಾಗಾಗಿ ಅವಳ ಕಿರಿಯ ಮಗ ಅಜ್ಜಿಗೆ ಬರೆದ ಮೊದಲ ಕನ್ನಡ ಚೀಟಿಯಲ್ಲಿ 'ಹೊಲದಾಗ ಬೇಳೆ ಚಲೋ ಬಂದೈತೇನು?' ಎಂದು ಕೇಳಿದ್ದ. ಅವ್ವ ಓದಿ, "ಬೇಳೆ ಡಬ್ಬ್ಯಾಗ ಐತಿ, ಬೆಳೆ ಹೊಲದಾಗ ಐತಿ, ಬಂದು ಎರಡೂ ನೋಡು" ಎಂದು ಫೋನಿನಲ್ಲಿ ನಕ್ಕಳು. ಆ ಚೀಟಿ ಈಗ ದೇವರ ಜಗುಲಿಯ ಗೂಡಿನಲ್ಲಿದೆ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ: ಹೆಸರು ತೆಗೆಸುವ ಮುನ್ನ ಒಮ್ಮೆ ಶಾಲೆಗೆ ಹೋಗಿ ಕುಳಿತುಕೊಳ್ಳಿ. ಏಳನೆಯ ತರಗತಿಯ ಮಕ್ಕಳ ಮರಾಠಿ ಹೇಗಿದೆ ಎಂದು ಗುರುಗಳನ್ನು ಕೇಳಿ, ಅವರೆದುರಿಗೇ ಒಂದು ಮಗುವಿನಿಂದ ಮರಾಠಿ ವರ್ತಮಾನಪತ್ರಿಕೆ ಓದಿಸಿ. ಕಳೆದ ವರ್ಷ ಎಂಟಕ್ಕೆ ಹೋದ ಮಕ್ಕಳ ಮನೆಗೆ ಹೋಗಿ ವಿಚಾರಿಸಿ. ಉತ್ತರ ಸಮಾಧಾನ ತರದಿದ್ದರೆ ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ಎದ್ದು ಕೇಳಿ, ಆ ಸಮಿತಿಯಲ್ಲಿ ಬಹುಪಾಲು ಸ್ಥಾನ ಪಾಲಕರದೇ. ಅಷ್ಟು ಮಾಡಿಯೂ ಬೇರೆ ಮಾಧ್ಯಮವೇ ನಿಮ್ಮ ಮಗುವಿಗೆ ಒಳ್ಳೆಯದೆಂದು ತೋರಿದರೆ ನಿಶ್ಚಿಂತೆಯಿಂದ ಸೇರಿಸಿ, ರಾತ್ರಿಯ ಇಪ್ಪತ್ತು ನಿಮಿಷ ಮಾತ್ರ ಬಿಡಬೇಡಿ. ಪ್ರತಿ ವರ್ಷವೂ ಮಾಧ್ಯಮ ಬದಲಿಸಬೇಡಿ ಎಂಬುದನ್ನು ಮಾತ್ರ ನಾನು ಕೈಮುಗಿದು ಹೇಳುತ್ತೇನೆ, ಆ ಗೆಳೆಯನ ಕಾರಣಕ್ಕಾಗಿ.

ಜೂನ್ ಮಧ್ಯದಲ್ಲಿ ಶಾಲೆಗಳು ತೆರೆಯುತ್ತವೆ. ಕಳೆದ ಭಾನುವಾರ ತವರಿಗೆ ಹೋದಾಗ ಕನ್ನಡ ಶಾಲೆಯ ಗುರುಗಳು ಮನೆಮನೆ ತಿರುಗುತ್ತಿದ್ದರು, ಕೈಯಲ್ಲಿ ಒಂದು ವಹಿ. ಒಂದನೆಯ ತರಗತಿಗೆ ಈವರೆಗೆ ಏಳು ಹೆಸರು ಬಂದಿವೆ. ಅಣ್ಣನ ಮೊಮ್ಮಗಳಿಗೆ ಈ ಶ್ರಾವಣಕ್ಕೆ ಆರು ತುಂಬುತ್ತದೆ. ಅವಳ ತಾಯಿ ಇನ್ನೂ ಏನೂ ಹೇಳಿಲ್ಲ, ವಿಚಾರ ಮಾಡುತ್ತಿದ್ದಾಳೆ. ಗುರುಗಳು ಬರುವ ಬುಧವಾರ ಮತ್ತೆ ಬರುತ್ತೇನೆಂದು ಚಹಾ ಕುಡಿದು ಹೋದರು.